ಪ್ಲಿಮತ್‌ನವರ ಮನೆಯಲ್ಲಿ ಹಬ್ಬ ಇರಲಿಲ್ಲ

ಈ ವರ್ಷ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮೊನ್ನೆ ಪಕ್ಕದ ಮನೆಯ ಆಂಟಿ ಬಾಗಿಲಲ್ಲಿ ನಿಂತು, "ಅಚ್ಚಿನ ಮಣೆಗಳನ್ನ ಕೊಡೇ ಪುಟ್ಟಿ, ನೆನೆಹಾಕ್ಬೇಕು" ಅಂದರು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ಮರದ ಅಚ್ಚುಗಳು ಅವು. ಅಟ್ಟದಿಂದ ಇಳಿಸಿ, ಧೂಳು ಒರೆಸಿ ಕೊಟ್ಟೆ. ನಮ್ಮ ಅಚ್ಚುಗಳು ಹೀಗೆ ಅವರ ಮನೆಗೆ ಹೋಗುತ್ತಿರುವುದು ಇದು ಎರಡನೆಯ ಸಲ. ಮೊದಲ ಸಲ ಹೋದದ್ದು ಅಪ್ಪ ತೀರಿಕೊಂಡ ವರ್ಷ. ಆಗ ನಾನು ಎಂ.ಎ. ಓದುತ್ತಿದ್ದೆ. ಅಮೆರಿಕಕ್ಕೆ ಮೊದಮೊದಲು ಹೋಗಿ ನೆಲೆಸಿದ ಇಂಗ್ಲಿಷರ ಮೇಲೆ ಒಂದು ಸಂಶೋಧನಾ ಪ್ರಬಂಧ ಬರೆಯುತ್ತಿದ್ದೆ. ಎರಡಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಮಾತ್ರ ಒಂದನ್ನು ಬಿಟ್ಟು ಇನ್ನೊಂದು ನೆನಪಾಗುವುದಿಲ್ಲ.

ಅಪ್ಪ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಟೈಲರ್ ಆಗಿದ್ದರು. ಮನೆ ಮಾವಳ್ಳಿಯ ಒಂದು ವಠಾರದಲ್ಲಿ. ಸಂಜೆ ಅಂಗಡಿ ಬಿಟ್ಟು ನಡೆದುಕೊಂಡೇ ಬರುತ್ತಿದ್ದರು. ಅಚ್ಚಿನ ಮಣೆಗಳು ಅವರ ತಾಯಿಯಿಂದ ಬಂದವು. ಕೋಳಿ, ಆನೆ, ಮೀನು, ಬೃಂದಾವನ, ಬಾಳೆಗೊನೆ. ಉಳಿದ ಮನೆಗಳಲ್ಲಿ ಹೆಂಗಸರು ಮಾಡುವ ಈ ಕೆಲಸವನ್ನು ನಮ್ಮ ಮನೆಯಲ್ಲಿ ಅಪ್ಪನೇ ಮಾಡುತ್ತಿದ್ದರು. ಎಲ್ಲರೂ ಅಚ್ಚಿನ ಎರಡು ಹೋಳುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದರೆ ಅಪ್ಪ ಅಂಗಡಿಯಿಂದ ತಂದ ದಪ್ಪ ದಾರದಲ್ಲಿ ಸುತ್ತುತ್ತಿದ್ದರು. "ರಬ್ಬರ್ ನಂಬ್ಬೇಡ, ಬಿಸಿಗೆ ಸಡಿಲ ಆಗತ್ತೆ" ಅನ್ನುತ್ತಿದ್ದರು. ಮುರಿದ ಅಚ್ಚುಗಳು ನನಗೆ. ಸೊಂಡಿಲಿಲ್ಲದ ಆನೆಗಳನ್ನು ಎಷ್ಟು ತಿಂದಿದ್ದೇನೋ. ಚೆನ್ನಾಗಿ ಬಂದವು ವಠಾರದ ಮನೆಮನೆಗೂ ಎಳ್ಳಿನ ಜೊತೆ ಹೋಗುತ್ತಿದ್ದವು. ಪಕ್ಕದ ಮನೆಯ ಅಂಕಲ್ ತೀರಿಕೊಂಡ ವರ್ಷ ಅವರ ಮನೆಗೆ ಬೇರೆಯದೇ ಒಂದು ತಟ್ಟೆ ಹೋಗಿತ್ತು. ಅವರಿಗೆ ಹಬ್ಬ ಇರಲಿಲ್ಲವಲ್ಲ, ಅದಕ್ಕೆ ಎಲ್ಲರಿಗಿಂತ ದೊಡ್ಡ ತಟ್ಟೆ.

ಗಣೇಶನ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅಪ್ಪ ಹೋದರು. ಎದೆನೋವು ಎಂದು ಅಂಗಡಿಯಲ್ಲೇ ಕೂತವರು ಆಸ್ಪತ್ರೆ ಮುಟ್ಟಲಿಲ್ಲ. ಕಾರ್ಯವೆಲ್ಲ ಮುಗಿಸಿ ನಾನು ಕಾಲೇಜಿಗೆ ಮರಳುವಷ್ಟರಲ್ಲಿ ಪ್ರಬಂಧದ ವಿಷಯಗಳ ಹಂಚಿಕೆ ಮುಗಿದಿತ್ತು. ಆ ಸೆಮಿಸ್ಟರಿನಲ್ಲಿ ಅಮೆರಿಕದ ಇತಿಹಾಸ ನಮಗೆ ಕಡ್ಡಾಯ. ಸ್ವಾತಂತ್ರ್ಯ ಯುದ್ಧ, ಗುಲಾಮಗಿರಿ, ಅಂತರ್ಯುದ್ಧ ಎಲ್ಲವನ್ನೂ ಯಾರು ಯಾರೋ ಹಿಡಿದುಕೊಂಡಿದ್ದರು. ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಪಟ್ಟಿ ನೋಡಿ, "ಮೇಫ್ಲವರ್ ಹಡಗಲ್ಲಿ ಹೋದವರು ಉಳಿದಿದಾರೆ. ಪ್ಲಿಮತ್ ಅಂತ ಊರು ಕಟ್ಟಿದ್ರಲ್ಲ, ಅವರು. ಯಾರಿಗೂ ಬೇಡ್ವಂತೆ. ನೀನು ಮಾಡ್ತೀಯಾ?" ಎಂದರು. ಮಾಡುತ್ತೇನೆ ಎಂದೆ. ಯಾವುದಾದರೂ ನನಗೆ ಒಂದೇ ಆಗಿತ್ತು.

ಹೊರಗೆ ಬಂದಾಗ ಗೆಳತಿ ಕೇಳಿದಳು. ಹೇಳಿದೆ.

"ಬಿಡು ಮಗಾ, ನಿಂಗೆ ಹಡಗಾದ್ರೂ ಸಿಕ್ತು. ನಂಗೆ ಸ್ಟಾಂಪಿನ ತೆರಿಗೆ ಸಿಕ್ಕಿದೆ" ಅಂದಳು.

ನನ್ನ ತಲೆಯಲ್ಲಿದ್ದದ್ದು ಹಡಗೂ ಅಲ್ಲ, ತೆರಿಗೆಯೂ ಅಲ್ಲ. ಅಮ್ಮ. ಸೀರೆಗಳಿಗೆ ಫಾಲ್ ಹಾಕಿಕೊಡುವುದು ಅಮ್ಮನ ಕೆಲಸವಾಗಿತ್ತು. ಅಪ್ಪ ಹೋದಮೇಲೆ ಸೂಜಿ ಮುಟ್ಟಿರಲಿಲ್ಲ. ಊಟಕ್ಕೆ ಕೂರಿಸಿದರೆ ಕೂರುತ್ತಿದ್ದಳು, ಏಳು ಎಂದರೆ ಏಳುತ್ತಿದ್ದಳು. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಹಬ್ಬ ಬಂದಾಗ ಅಕ್ಕಪಕ್ಕದವರು ಡಬ್ಬಿಗಳಲ್ಲಿ ತಿಂಡಿ ತಂದುಕೊಡುತ್ತಿದ್ದರು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬಕ್ಕೆಂದು ಬಾಣಲೆ ಇಡುವ ಹಾಗಿಲ್ಲವಲ್ಲ. ಕೊಟ್ಟವರ ಪಾತ್ರೆಯನ್ನು ನಮ್ಮ ಕಡೆ ಯಾರೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ನನಗೆ ಅದನ್ನು ಕಲಿಸಿದ್ದೇ ಅಮ್ಮ. ಆ ದಿನಗಳಲ್ಲಿ ಮಾತ್ರ ಅವಳು ಆ ಡಬ್ಬಿಗಳನ್ನು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿಬಿಡುತ್ತಿದ್ದಳು, ಅಷ್ಟೇ. ಅವು ಅಲ್ಲೇ ಇರುತ್ತಿದ್ದವು. ಅಪ್ಪನ ಜೊತೆ ಇವಳೂ ಅರ್ಧ ಹೋಗಿಬಿಟ್ಟಿದ್ದಾಳೆ, ಉಳಿದರ್ಧವನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂದು ನನಗೆ ತಿಳಿಯುತ್ತಿರಲಿಲ್ಲ.

ಪ್ರಬಂಧಕ್ಕೆ ಬೇಕಾದದ್ದನ್ನು ಬಸವನಗುಡಿಯ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದೆ. ಸಿಗದೆ ಹೋದದ್ದನ್ನು ಫೋನಿನಲ್ಲಿ ಇಳಿಸಿಕೊಂಡು ಮನೆಯಲ್ಲಿ ಓದುತ್ತಿದ್ದೆ. ನಾನು ಕನ್ನಡ ಮಾಧ್ಯಮದವಳು. ಆ ಕಾಲದವರ ಬರಹದ ಇಂಗ್ಲಿಷ್ ನನಗೆ ಸುಲಭವಾಗಿ ಬಗ್ಗುತ್ತಿರಲಿಲ್ಲ. ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿಕೊಂಡರೇ ಅರ್ಥ ಕೂಡುತ್ತಿತ್ತು. ಒಂದು ಸಂಜೆ ಹಾಗೆ ಹೇಳಿಕೊಳ್ಳುತ್ತಿದ್ದಾಗ, ಗೋಡೆಗೊರಗಿ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು:

"ಯಾರು ಹೋಗಿದ್ದು?"

"ಅಮೆರಿಕಕ್ಕೆ ಹೋದೋರಮ್ಮ. ನಾನೂರು ವರ್ಷದ ಹಿಂದೆ."

"ಎಷ್ಟು ಜನ?"

"ಹಡಗಲ್ಲಿ ನೂರು ಚಿಲ್ಲರೆ ಜನ ಹೋಗಿದ್ರು. ಮೊದಲನೇ ಚಳಿಗಾಲ ಕಳೆಯೋದ್ರಲ್ಲಿ ಅರ್ಧ ಜನ ಹೋಗ್ಬಿಟ್ರು."

"ಏನಾಗಿತ್ತು?"

"ಚಳಿ, ಕಾಯಿಲೆ. ಮನೆ ಕಟ್ಕೊಳ್ಳೋಕೂ ಆಗಿರ್ಲಿಲ್ಲ. ಸುಮಾರು ಜನ ಹಡಗಲ್ಲೇ ಮಲಗ್ತಿದ್ರು."

ಅಮ್ಮ, "ಹೊದ್ಕೊಳ್ಳೋಕೆ ಕಂಬಳಿ ಇರ್ಲಿಲ್ವಂತಾ?" ಅಂದಳು.

ನನಗೆ ಗೊತ್ತಿರಲಿಲ್ಲ. ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ. ಮರುದಿನ ಗ್ರಂಥಾಲಯದಲ್ಲಿ ನಾನು ಹುಡುಕಿದ್ದು ಕಂಬಳಿ. ಸಹಪಾಠಿಗಳು ಒಪ್ಪಂದ, ಆಡಳಿತ ಎಂದು ಬರೆದುಕೊಳ್ಳುತ್ತಿದ್ದರೆ ನಾನು ಹೊದಿಕೆ, ಸೌದೆ, ನೀರು ಎಂದು ಬರೆದುಕೊಳ್ಳುತ್ತಿದ್ದೆ. ಸಂಜೆ ಮನೆ ಹೊಕ್ಕ ತಕ್ಷಣ ಅಮ್ಮ ಕೇಳುತ್ತಿದ್ದಳು, "ಇವತ್ತು ಏನ್ಮಾಡಿದ್ರು ಅವರು?" ಪ್ಲಿಮತ್ ಎಂಬುದು ಹನುಮಂತನಗರದ ಆಚೆ ಎಲ್ಲೋ ಇರುವ ಬಡಾವಣೆ, ಅಲ್ಲಿ ನಮಗೆ ಬೇಕಾದವರೊಬ್ಬರ ಮನೆಯಲ್ಲಿ ಕಷ್ಟ ಬಂದಿದೆ, ನಾನು ದಿನಾ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದೇನೆ ಎನ್ನುವ ಹಾಗಿತ್ತು ಅವಳ ದನಿ.

"ಅಷ್ಟು ಜನ ಮಲಗಿದ್ರೆ ಅವರ ಬಟ್ಟೆ ಯಾರು ಒಗೀತಿದ್ರು?" ಎಂದು ಒಂದು ದಿನ ಕೇಳಿದಳು.

ಅದಕ್ಕೆ ಉತ್ತರವಿತ್ತು. ಅವರಲ್ಲೇ ಒಬ್ಬರು ಬರೆದಿಟ್ಟಿದ್ದರು. ಎದ್ದು ಓಡಾಡಲು ಆಗುತ್ತಿದ್ದವರು ಆರೋ ಏಳೋ ಜನ. ಅವರೇ ಸೌದೆ ತಂದು, ಬೆಂಕಿ ಹಾಕಿ, ಗಂಜಿ ಕಾಯಿಸಿ, ಕಾಯಿಲೆಯವರ ಹೊಲಸು ಬಟ್ಟೆಗಳನ್ನು ಒಗೆದು, ಅವರಿಗೆ ಬಟ್ಟೆ ತೊಡಿಸಿ ನೋಡಿಕೊಂಡರಂತೆ, ಗೊಣಗದೆ.

"ಯಾರಾದ್ರೂ ಮಾಡೇ ಮಾಡಿರ್ತಾರೆ. ಮಾಡ್ದೆ ಇರಲ್ಲ" ಅಂದಳು ಅಮ್ಮ. ಅವಳ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಪಕ್ಕದ ಮನೆಯ ಡಬ್ಬಿಗಳು ಬೋರಲು ಬಿದ್ದಿದ್ದವು.

ಕ್ರಿಸ್‌ಮಸ್ಸಿನ ವಿಷಯ ಬಂದದ್ದು ಇದಾದ ಮೇಲೆ. ಪ್ಲಿಮತ್‌ನವರು ಬಂದಿಳಿದ ಮೊದಲ ಚಳಿಗಾಲ ಕ್ರಿಸ್‌ಮಸ್ ಆಚರಿಸಲಿಲ್ಲ ಎಂದು ಓದಿದೆ. ಆ ದಿನವೂ ಮರ ಕಡಿಯುತ್ತ, ಮೊದಲ ಮನೆ ಎಬ್ಬಿಸುತ್ತ ಇದ್ದರಂತೆ. ಕ್ರೈಸ್ತರಾಗಿ ಕ್ರಿಸ್‌ಮಸ್ ಯಾಕೆ ಮಾಡಲಿಲ್ಲ ಎಂದು ನನಗೆ ಆಶ್ಚರ್ಯವಾಯಿತು. ಅಮ್ಮನಿಗೆ ಆಗಲಿಲ್ಲ.

"ಮಾಡೋದು ಹೇಗೆ? ಅಷ್ಟು ಸಾವಾಗಿದೆ. ವರ್ಷ ತುಂಬ್ಬೇಕಲ್ಲ" ಅಂದಳು.

ಹೌದಲ್ಲ ಅನ್ನಿಸಿತು. ಅಂದೇ ಕೂತು ಬರೆದೆ: ಅರ್ಧದಷ್ಟು ಜನರನ್ನು ಕಳೆದುಕೊಂಡಿದ್ದ ಕಾರಣ ವಲಸಿಗರು ಮೊದಲ ವರ್ಷ ಹಬ್ಬಗಳನ್ನು ಆಚರಿಸಲಿಲ್ಲ. ಉಳಿದ ಪ್ರತಿಯೊಂದು ಮಾತಿಗೂ ಕೆಳಗೆ ಆಧಾರ ಕೊಟ್ಟಿದ್ದೆ. ಈ ಒಂದಕ್ಕೆ ಕೊಡಬೇಕೆಂದು ಹೊಳೆಯಲೇ ಇಲ್ಲ. ಅನ್ನ ಅಕ್ಕಿಯಿಂದ ಆಗುತ್ತದೆ ಎನ್ನುವುದಕ್ಕೆ ಯಾರು ಅಡಿಟಿಪ್ಪಣಿ ಹಾಕುತ್ತಾರೆ?

ಮೇಡಂ ಕರಡನ್ನು ಸ್ಟಾಫ್ ರೂಮಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಓದಿದರು. ಪೆನ್ಸಿಲ್ ಆ ಸಾಲಿನ ಮೇಲೆ ಬಂದು ನಿಂತಿತು.

"ಇದು ಎಲ್ಲಿ ಸಿಕ್ತು ನಿಂಗೆ?"

"ಮನೇಲಿ, ಮೇಡಂ."

ಪಕ್ಕದ ಮೇಜಿನಲ್ಲಿದ್ದ ಸರ್ ಒಬ್ಬರು ಜೋರಾಗಿ ನಕ್ಕುಬಿಟ್ಟರು. ಮೇಡಂ ನಗಲಿಲ್ಲ. ಪೆನ್ಸಿಲ್‌ನಿಂದ ಮೇಜು ಕುಟ್ಟುತ್ತ ಹೇಳಿದರು:

"ತಿಂಗಳು ನೋಡಮ್ಮ. ಕ್ರಿಸ್‌ಮಸ್ ಬಿಟ್ಟಿದ್ದು ಡಿಸೆಂಬರಲ್ಲಿ. ಜನ ಹೋಗಿದ್ದು ಬಹುಪಾಲು ಅದಾದ್ಮೇಲೆ, ಜನವರಿ, ಫೆಬ್ರವರಿ, ಮಾರ್ಚಲ್ಲಿ. ನಿನ್ನ ಪ್ರಬಂಧದಲ್ಲೇ ಹಿಂದಿನ ಪುಟದಲ್ಲಿ ನೀನೇ ಬರೆದಿದೀಯ. ಸಾಯೋಕೆ ಮುಂಚೆನೇ ಯಾರಾದ್ರೂ ಹಬ್ಬ ಬಿಡ್ತಾರಾ?"

ಹಿಂದಿನ ಪುಟ ತಿರುಗಿಸಿದೆ. ಹೌದು, ನಾನೇ ಬರೆದಿದ್ದೆ.

"ಅವರಿಗೆ ಹಬ್ಬ ಅನ್ನೋದೇ ಇರ್ಲಿಲ್ಲ. ಇಂಥ ದಿನ ದೊಡ್ಡದು ಅಂತ ಅವರ ಧರ್ಮಗ್ರಂಥದಲ್ಲಿ ಹೇಳಿಲ್ಲ, ಅದಕ್ಕೆ ಮಾಡಲ್ಲ ಅನ್ನೋರು. ವಾರಕ್ಕೊಂದು ಪ್ರಾರ್ಥನೆ ದಿನ, ಮಿಕ್ಕಿದ್ದೆಲ್ಲ ಕೆಲಸದ ದಿನ. ಯಾಕೆ ಮಾಡಲಿಲ್ಲ ಅನ್ನೋದನ್ನ ಅವರ ಬಾಯಿಂದ ಕೇಳ್ಬೇಕು, ನಮ್ಮ ಬಾಯಿಂದ ಅಲ್ಲ. ಅರ್ಥ ಆಯ್ತಾ?"

"ಆಯ್ತು ಮೇಡಂ."

ಅವರು ಆ ಸಾಲನ್ನು ಹೊಡೆದುಹಾಕಲಿಲ್ಲ. ಸುತ್ತ ಒಂದು ಗೆರೆ ಎಳೆದು ಬಿಟ್ಟರು. ಆಮೇಲೆ ದನಿ ತಗ್ಗಿಸಿ, "ನಿಮ್ಮನೇಲಿ ವರ್ಷ ತುಂಬೋದು ಯಾವಾಗ?" ಎಂದು ಕೇಳಿದರು. ಹೇಳಿದೆ.

"ನೋಡು, ಉತ್ತರ ತಪ್ಪು. ಪ್ರಶ್ನೆ ತಪ್ಪಲ್ಲ. ಅರ್ಧ ಜನ ಹೋದ್ಮೇಲೆ ಉಳಿದವರು ವರ್ಷ ತುಂಬೋದ್ರಲ್ಲಿ ಏನು ಮಾಡಿದ್ರು? ಅದನ್ನ ಹುಡುಕು. ಕೊನೇ ಅಧ್ಯಾಯ ಅದೇ ಆಗ್ಲಿ."

ಇಷ್ಟು ವರ್ಷಗಳಲ್ಲಿ ನಾನು ಹಲವರಿಂದ ಹಲವು ಪಾಠ ಕಲಿತಿದ್ದೇನೆ. ತಪ್ಪನ್ನು ತಪ್ಪೆಂದು ಹೇಳಿ, ಅದರೊಳಗಿದ್ದ ದುಃಖಕ್ಕೆ ಪೆಟ್ಟಾಗದಂತೆ ನೋಡಿಕೊಂಡವರು ಅವರು. ಅವರ ಋಣ ನನ್ನ ಮೇಲಿದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳಿಗೆ ತಾನು ತಪ್ಪು ಹೇಳಿಕೊಟ್ಟೆ ಎನ್ನುವುದಕ್ಕಿಂತ, ಹಬ್ಬವೇ ಇಲ್ಲದ ಜನ ಎನ್ನುವುದು ಹೆಚ್ಚು ಕಷ್ಟವಾಯಿತು.

"ಯಾವತ್ತೂ ಇಲ್ವಾ? ಒಂದೂ?"

"ಒಂದೂ ಇಲ್ಲ."

"ಸಾವಾಗ್ದೇ ಇದ್ರೂ?"

"ಇದ್ರೂ ಇಲ್ಲ."

"ಪಾಪ, ಮಕ್ಕಳು ಏನ್ಮಾಡ್ತಿದ್ವು?"

ಆಗ ಅದರ ಮರುವರ್ಷದ ಕ್ರಿಸ್‌ಮಸ್ಸಿನ ಕಥೆ ಹೇಳಿದೆ. ಅಷ್ಟರಲ್ಲಿ ಇನ್ನೊಂದು ಹಡಗಿನಲ್ಲಿ ಹೊಸಬರು ಬಂದಿದ್ದರು. ಕ್ರಿಸ್‌ಮಸ್ ದಿನ ಊರಿನ ಮುಖ್ಯಸ್ಥ ಎಲ್ಲರನ್ನೂ ಕೆಲಸಕ್ಕೆ ಕರೆದ. ಹೊಸಬರು, ಈ ದಿನ ದುಡಿಯಲು ನಮ್ಮ ಮನಸ್ಸು ಒಪ್ಪುವುದಿಲ್ಲ ಎಂದರು. ಸರಿ ಎಂದು ಬಿಟ್ಟು ಹೋದ. ಮಧ್ಯಾಹ್ನ ಬಂದು ನೋಡಿದರೆ ಅವರೆಲ್ಲ ಬೀದಿಯಲ್ಲಿ ಚೆಂಡಾಡುತ್ತಿದ್ದಾರೆ. ನೀವು ಆಡುತ್ತಿರುವಾಗ ಬೇರೆಯವರು ದುಡಿಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ, ಹಬ್ಬ ಬೇಕಿದ್ದರೆ ಮನೆಯೊಳಗೆ ಮಾಡಿಕೊಳ್ಳಿ ಎಂದು ಆಟದ ಸಾಮಾನನ್ನೆಲ್ಲ ಕಿತ್ತುಕೊಂಡು ಹೋದನಂತೆ.

"ಚೆಂಡು ಕಿತ್ಕೊಂಡು ಹೋದ್ನಾ?" ಅಮ್ಮ ನನ್ನ ಮುಖ ನೋಡಿದಳು. "ನಮ್ಮ ಓನರ್ ಥರಾನೇ!"

ವಠಾರದ ಓನರ್ ತಾತ ಹುಡುಗರ ಚೆಂಡುಗಳನ್ನು ಕಿತ್ತುಕೊಂಡು ತಾರಸಿಯ ಡ್ರಮ್ಮಿನಲ್ಲಿ ತುಂಬಿಡುತ್ತಿದ್ದರು. ಅಮ್ಮ ನಕ್ಕಳು. ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು. ನಾನು ತಲೆ ತಗ್ಗಿಸಿ ಏನೋ ಬರೆಯುವವಳಂತೆ ಕೂತೆ. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು.

ಕೊನೆಯ ಅಧ್ಯಾಯಕ್ಕೆ ಓದುತ್ತಿದ್ದಾಗ ಜನವರಿ ಬಂತು. ಗಾಂಧಿ ಬಜಾರಿನಲ್ಲಿ ಕಬ್ಬಿನ ಜಲ್ಲೆಗಳು ನಿಂತವು. ಗೆಣಸು, ಅವರೆಕಾಯಿ, ಎಳ್ಳಿನ ರಾಶಿಗಳನ್ನು ದಾಟಿಕೊಂಡು ನಾನು ದಿನಾ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಪ್ಪನ ಅಂಗಡಿಯ ಮುಂದೆ ಹೋಗದೆ ಎದುರು ಬದಿಯಿಂದ ನಡೆಯುತ್ತಿದ್ದೆ. ಅಲ್ಲಿ ಮಿಷನ್ನಿಗೆ ಬೇರೆಯವರು ಕೂತಿದ್ದರು.

ಓದಿದ್ದು ಇಷ್ಟು. ಚಳಿ ಕಳೆದ ಮೇಲೆ ಆ ನಾಡಿನವನೇ ಆದ ಒಬ್ಬ ಮನುಷ್ಯ ಪ್ಲಿಮತ್‌ನವರಿಗೆ ಮೆಕ್ಕೆಜೋಳ ಬಿತ್ತುವುದನ್ನು ಹೇಳಿಕೊಟ್ಟ. ಗುಣಿಯಲ್ಲಿ ಕಾಳಿನ ಜೊತೆ ಮೀನು ಹೂಳಬೇಕು, ಇಲ್ಲದಿದ್ದರೆ ಆ ಹಳೆಯ ನೆಲದಲ್ಲಿ ಬೆಳೆ ಬರುವುದಿಲ್ಲ ಎಂದ. ಅವನ ಊರು ಇದ್ದದ್ದು ಅಲ್ಲೇ, ಇವರು ಮನೆ ಕಟ್ಟಿಕೊಂಡಿದ್ದ ಜಾಗದಲ್ಲಿ. ಕೆಲವು ವರ್ಷ ಮುಂಚೆ ಅವನನ್ನು ಯಾರೋ ಹಿಡಿದು ಸಮುದ್ರದಾಚೆ ಸಾಗಿಸಿದ್ದರು. ಹೇಗೋ ತಪ್ಪಿಸಿಕೊಂಡು ಹಿಂತಿರುಗಿದಾಗ ಊರಿನಲ್ಲಿ ಒಬ್ಬರೂ ಇರಲಿಲ್ಲ. ರೋಗ ಬಂದು ಊರಿಗೆ ಊರೇ ಹೋಗಿತ್ತು. ಸುತ್ತಮುತ್ತಲ ಅವನ ಜನರಲ್ಲೂ ಬಹಳ ಮಂದಿ ಹೋಗಿದ್ದರು.

ಆ ವರ್ಷ ಬೆಳೆ ಬಂತು. ಸುಗ್ಗಿಯಲ್ಲಿ ಪ್ಲಿಮತ್‌ನವರು ಒಟ್ಟಿಗೆ ಕೂತು ಉಂಡರು. ಅದನ್ನು ಅವರು ಹಬ್ಬ ಎಂದು ಕರೆದಿರಲಿಕ್ಕಿಲ್ಲ. ಈಗ ಅಮೆರಿಕದವರು ದೊಡ್ಡದಾಗಿ ಮಾಡುವ ಕೃತಜ್ಞತೆಯ ಹಬ್ಬಕ್ಕೆ ಅದೇ ಮೂಲ ಎಂದು ಹೇಳತೊಡಗಿದ್ದು ಎಷ್ಟೋ ಕಾಲದ ಮೇಲೆ. ನನಗೆ ಬೇಕಾಗಿದ್ದದ್ದು ಹೆಸರಲ್ಲ. ಮಾರ್ಚಿನಲ್ಲಿ ಹೆಣ ಹೂತವರು ಅದೇ ವರ್ಷದ ಸುಗ್ಗಿಯಲ್ಲಿ ಉಂಡಿದ್ದರು. ವರ್ಷ ತುಂಬಿರಲಿಲ್ಲ.

ಸಂಜೆ ಅಮ್ಮನಿಗೆ ಓದಿ ಹೇಳಿದೆ. ಕಾಯಿಲೆಯಲ್ಲಿ ಹೆಂಗಸರೇ ಹೆಚ್ಚಾಗಿ ಹೋಗಿದ್ದರು, ಸುಗ್ಗಿಯ ಹೊತ್ತಿಗೆ ಗೃಹಿಣಿಯರು ಅಂತ ಉಳಿದಿದ್ದವರು ನಾಲ್ಕೇ ಜನ ಎಂದಾಗ ಅಮ್ಮ ನೆಟ್ಟಗೆ ಕೂತಳು.

"ನಾಲ್ಕೇ ಜನಾನಾ? ಅಡುಗೆ ಎಷ್ಟು ಜನಕ್ಕೆ?"

"ಅವರದೇ ಐವತ್ತು. ಜೊತೆಗೆ ಆ ನಾಡಿನೋರು ತೊಂಬತ್ತು ಜನ ಬಂದ್ರಂತೆ. ಮೂರು ದಿನ ಇದ್ರು."

"ಅಯ್ಯಯ್ಯೋ! ತೊಂಬತ್ತು! ನಾಲ್ಕು ಜನ ಮಾಡಿ ಹಾಕೋದು ಆಗೋ ಮಾತಾ? ಬಡ್ಸೋಕಾದ್ರೂ ಯಾರಿದ್ರು?"

"ಹುಡುಗೀರು ಇದ್ರು. ಬಂದೋರೂ ಬರಿಗೈಲಿ ಬರ್ಲಿಲ್ಲಮ್ಮ. ಐದು ಜಿಂಕೆ ಹೊಡ್ಕೊಂಡು ಬಂದು ಕೊಟ್ರು."

"ಮತ್ತೆ! ಸಾವಾದ ಮನೆಗೆ ಬರಿಗೈಲಿ ಯಾರಾದ್ರೂ ಬರ್ತಾರಾ?" ಅಂದಳು. ಮೇಡಂ ಇದ್ದಿದ್ದರೆ ಇದಕ್ಕೂ ಆಧಾರ ಎಲ್ಲಿ ಎನ್ನುತ್ತಿದ್ದರು. ನಾನು ಅನ್ನಲಿಲ್ಲ. ಬಂದವರ ಮನೆಗಳಲ್ಲಿ ಆಗಿದ್ದ ಸಾವುಗಳನ್ನೂ, ಜೋಳ ಬಿತ್ತುವುದನ್ನು ಕಲಿಸಿದವನ ಖಾಲಿ ಊರನ್ನೂ ಹೇಳಿದೆ.

"ತನ್ನೋರೆಲ್ಲ ಹೋದ ಜಾಗದಲ್ಲಿ ನಿಂತ್ಕೊಂಡು, ಬೇರೆಯೋರಿಗೆ ಹೀಗೆ ಬಿತ್ತು ಅಂತ ಹೇಳ್ಕೊಟ್ನಾ?" ಎಂದು ಅಮ್ಮ ಕೇಳಿದಳು.

ಹೌದೆಂದೆ.

ಪಕ್ಕದ ಮನೆಯ ಆಂಟಿ ಬಂದದ್ದು ಇದಾದ ಮರುದಿನವೋ ಅದರ ಮಾರನೆಯ ದಿನವೋ. ಅಮ್ಮನಿಗಿಂತ ಹಿರಿಯರು, ಬಾಯಿ ಜೋರು. ಒಳಗೆ ಬಂದವರೇ ಕಿಟಕಿಯ ಕಟ್ಟೆ ನೋಡಿ, "ನನ್ನ ಡಬ್ಬಿಗಳಿಗೆಲ್ಲ ಇಲ್ಲೇ ಸಂಸಾರ ಹೂಡ್ಸಿದೀಯಲ್ಲೇ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅಚ್ಚಿನ ಮಣೆ ತೆಗ್ಕೊಡು. ಈ ಸಲ ನಾನು ಹುಯ್ತೀನಿ" ಅಂದರು. ಅಮ್ಮ ಬೇಡ ಎನ್ನಲಿಲ್ಲ. ನಾನು ಕೊಟ್ಟೆ, ಅಪ್ಪನ ದಾರದ ಉಂಡೆಯ ಸಮೇತ.

ಮಾರನೆಯ ದಿನ ಮಧ್ಯಾಹ್ನ ಗೋಡೆಯಾಚೆಯಿಂದ ಸಕ್ಕರೆ ಸೀದ ವಾಸನೆ ಬಂತು. ಹಿಂದೆಯೇ ಆಂಟಿ ಬಂದರು, ಕೈಯಲ್ಲಿ ಸೌಟು. ಸೌಟಿಗೆ ಪಾಕ ಕಲ್ಲಿನಂತೆ ಕಚ್ಚಿಕೊಂಡಿತ್ತು.

"ಪಾತ್ರೇಲೇ ಕೂತ್ಬಿಡ್ತು ಕಣೇ. ಅಚ್ಚಿಗೆ ಹುಯ್ಯೋಕೂ ಬಿಡ್ಲಿಲ್ಲ."

"ಅಷ್ಟನ್ನೂ ಒಂದೇ ಸಲ ಒಲೆ ಮೇಲೆ ಇಟ್ರಾ?" ಅಮ್ಮ ಕೇಳಿದಳು.

"ಇನ್ನೇನು, ಚಮಚ ಚಮಚ ಇಡ್ತಾರಾ?"

"ಸ್ವಲ್ಪಸ್ವಲ್ಪವೇ ಇಡ್ಬೇಕು ಅಕ್ಕ. ಕೈಬಿಡದೆ ತಿರುಗಿಸ್ತಾ ಇದ್ದು, ಬೆಳ್ಳಗೆ ನೊರೆ ಬಂತು ಅಂದ ತಕ್ಷಣ ಹುಯ್ದ್ಬಿಡ್ಬೇಕು. ಅವರು ಹಾಗೇ…" ಅಮ್ಮ ನಿಲ್ಲಿಸಿದಳು.

"ಇಲ್ಲಿ ಕೂತ್ಕೊಂಡು ಹೇಳಿದ್ರೆ ನಂಗೆ ಗೊತ್ತಾಗಲ್ಲ. ಬಂದು ಹೇಳು."

"ನಾನು ಬರೋ ಹಾಗಿಲ್ಲ. ವರ್ಷ ತುಂಬಿಲ್ಲ."

ಆಂಟಿ ಸೌಟನ್ನು ಸೊಂಟಕ್ಕೆ ಆನಿಸಿ ನಿಂತರು. "ಒಲೆ ನಂದು, ಸಕ್ಕರೆ ನಂದು, ಹಬ್ಬ ನಂದು. ನೀನು ಬರೀ ಬಾಯಿ ತಗೊಂಡು ಬಾ. ಬಾಯಿಗೇನು ವರ್ಷ?"

ಅಮ್ಮ ನನ್ನನ್ನು ನೋಡಿದಳು. ನಾನು ಏನು ಹೇಳಲಿ? ನನಗೆ ತಿಳಿದಿದ್ದದ್ದು ಒಂದೇ ಉದಾಹರಣೆ. "ಆ ನಾಲ್ಕು ಜನಾನೂ ವರ್ಷ ತುಂಬೋಕೆ ಮುಂಚೆನೇ ಒಲೆ ಹತ್ರ ಹೋದ್ರಮ್ಮ" ಅಂದೆ.

"ಯಾವ ನಾಲ್ಕು ಜನ?" ಆಂಟಿ ಕೇಳಿದರು.

"ಅಮೆರಿಕದೋರು" ಎಂದು ಹೇಳಿ ಅಮ್ಮ ಎದ್ದಳು.

ಮೊದಲು ಅವರ ಅಡುಗೆಮನೆಯ ಹೊಸಿಲಿನ ಆಚೆಯೇ ಕೂತಳು. ಬಾಯಿ ಮಾತ್ರ ಒಳಗೆ. ಉರಿ ಸಣ್ಣ ಮಾಡಿ, ಹಾಲು ಹಾಕಿ ಕೊಳೆ ತೆಗೀರಿ, ಬಟ್ಟೇಲಿ ಸೋಸಿ, ಮಣೆಯ ನೀರು ಒರೆಸಿದ್ರಾ. ನಾನು ಅಪ್ಪನ ದಾರ ಬಿಚ್ಚಿ ಮಣೆಗಳನ್ನು ಸುತ್ತುತ್ತಿದ್ದೆ. ಎರಡನೆಯ ಪಾಕವೂ ಕೈಕೊಡುವ ಹಾಗೆ ಕಂಡಿತು. ಆಂಟಿ ತಿರುಗಿಸುವುದನ್ನು ಬಿಟ್ಟು ಮಾತಿಗೆ ನಿಂತಿದ್ದರು. "ಅಕ್ಕ, ಕೈ, ಕೈ!" ಎನ್ನುತ್ತ ಅಮ್ಮ ಒಳಗೆ ನುಗ್ಗಿ ಸೌಟು ಕಿತ್ತುಕೊಂಡಳು. ಅವಳ ಮಣಿಕಟ್ಟು ಅಪ್ಪನದರಂತೆಯೇ ತಿರುಗಿತು. ಅಷ್ಟು ವರ್ಷ ಅವರ ಪಕ್ಕದಲ್ಲಿ ನಿಂತು ನೋಡಿದ್ದಳಲ್ಲ. ನೊರೆ ಬೆಳ್ಳಗಾಯಿತು. "ಹಿಡ್ಕೋ" ಅಂದಳು. ಹಿಡಿದೆ. ಹುಯ್ದಳು.

ಆರಿದ ಮೇಲೆ ದಾರ ಬಿಚ್ಚಿದೆವು. ಕೋಳಿ ಚೆನ್ನಾಗಿ ಬಂದಿತ್ತು. ಬೃಂದಾವನವೂ. ಆನೆಯ ಸೊಂಡಿಲು ಮಣೆಯಲ್ಲೇ ಉಳಿಯಿತು. ಅಮ್ಮ ಸೊಂಡಿಲಿಲ್ಲದ ಆನೆಯನ್ನು ಎತ್ತಿ ನನ್ನ ಕೈಗಿಟ್ಟಳು. ನಾನು ಅದನ್ನು ಅಲ್ಲೇ ನಿಂತು ತಿಂದೆ. ಅಳುತ್ತ ತಿಂದೆ. ಸಕ್ಕರೆ ಅಚ್ಚು ಅಳುತ್ತ ತಿನ್ನುವುದು ಕಷ್ಟ, ಗಂಟಲಲ್ಲಿ ಇಳಿಯುವುದಿಲ್ಲ. ಆಂಟಿ ಒಂದು ಲೋಟ ನೀರು ಕೊಟ್ಟು, "ನಿಧಾನ ಕಣೆ, ಇನ್ನೂ ಮುರಿಯೋದಿದೆ" ಅಂದರು.

ಸಂಕ್ರಾಂತಿಯ ದಿನ ನಮ್ಮ ಬಾಗಿಲಿಗೆ ತೋರಣವಿರಲಿಲ್ಲ. ನಾವು ಯಾರ ಮನೆಗೂ ಎಳ್ಳು ಬೀರಲು ಹೋಗಲಿಲ್ಲ. ಆಂಟಿ ತಟ್ಟೆಯ ತುಂಬ ಅಚ್ಚು ತಂದುಕೊಟ್ಟರು. ಎಲ್ಲರಿಗಿಂತ ದೊಡ್ಡ ತಟ್ಟೆ. ಮಾರನೆಯ ದಿನ ನಾನು ಓದಲು ಹೊರಟಾಗ ಅಮ್ಮ ತಟ್ಟೆಯನ್ನೂ ಆ ಡಬ್ಬಿಗಳೆಲ್ಲವನ್ನೂ ಒಂದರ ಮೇಲೊಂದು ಜೋಡಿಸಿ, "ಹೋಗ್ತಾ ಕೊಟ್ಟು ಹೋಗು" ಎಂದು ಕೈಗಿತ್ತಳು. ಮೇಲಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ತಳದಲ್ಲಿ ಒಂದು ಚಮಚ ಸಕ್ಕರೆಯಿತ್ತು. ಕೆಳಗಿನದರಲ್ಲೂ ಇತ್ತು.

ಕೊನೆಯ ಅಧ್ಯಾಯವನ್ನು ಆ ವಾರ ಬರೆದು ಮುಗಿಸಿದೆ. ಹೊಸದಾಗಿ ಬಂದವರು ಬದುಕಿ ಉಳಿದದ್ದು ಹೇಗೆ, ಯಾರ ನೆಲದಲ್ಲಿ, ಯಾರು ಕೊಟ್ಟ ತಿಳಿವಳಿಕೆಯಿಂದ ಎಂದು ನನಗೆ ತಿಳಿದಷ್ಟು ಬರೆದೆ. ಕೊಟ್ಟವರ ನೆಲ ಮುಂದೆ ಅವರ ಕೈತಪ್ಪಿ ಹೋದದ್ದನ್ನು ಬಿಡಬೇಡ ಎಂದು ಮೇಡಂ ಹೇಳಿದ್ದರು. ಬಿಡಲಿಲ್ಲ. ಕ್ರಿಸ್‌ಮಸ್ಸಿನ ಸಾಲನ್ನು ತಿದ್ದಿ, ಆಧಾರ ಕೊಟ್ಟೆ.

ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಪ್ರಬಂಧ ಅಚ್ಚಾಯಿತು. ಬೈಂಡಿಂಗಿಗೆ ಮುಂಚೆ ಅಂಗಡಿಯವರು, "ಕೃತಜ್ಞತೆ ಪುಟ ರೆಡಿ ಇದೆ ಮೇಡಂ. ಎಲ್ರೂ ಇದನ್ನೇ ಹಾಕ್ಸೋದು. ಹೆಸರು ಮಾತ್ರ ಚೇಂಜ್ ಮಾಡ್ಕೊಳಿ" ಎಂದು ಒಂದು ಹಾಳೆ ತೋರಿಸಿದರು. ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ನೆರವಾದ ಸಕಲರು. ನನ್ನದನ್ನು ನಾನೇ ಬರೆದುಕೊಂಡು ಬರುತ್ತೇನೆ ಎಂದು ಮನೆಗೆ ಬಂದೆ. ಮೇಡಂ ಬಗ್ಗೆ ಬರೆದೆ, ಗ್ರಂಥಾಲಯದವರ ಬಗ್ಗೆ, ಪಕ್ಕದ ಮನೆಯವರ ಬಗ್ಗೆ ಬರೆದೆ. ಕೊನೆಯ ಸಾಲು ಅಮ್ಮನಿಗೆ ಓದಿ ಹೇಳಿದೆ: ಈ ಪ್ರಬಂಧದ ಪ್ರಶ್ನೆಗಳೆಲ್ಲ ನನ್ನ ತಾಯಿಯವು.

"ನನ್ನ ಹೆಸರು ಯಾಕೆ? ನಾನೇನು ಮಾಡ್ದೆ? ತಪ್ಪು ಹೇಳ್ಕೊಟ್ಟೆ ಅಷ್ಟೇ" ಅಂದಳು. ಅವಳ ಮಡಿಲಲ್ಲಿ ಯಾರದೋ ಸೀರೆ ಇತ್ತು. ಫಾಲ್ ಅರ್ಧ ಹಾಕಿದ್ದಳು.

"ತಪ್ಪು ಒಂದೇ. ಕಂಬಳಿ ನೀನೇ ಕೇಳಿದ್ದಲ್ವಾ?"

"ಕೊನೆಗೂ ಸಿಕ್ತಾ ಕಂಬಳಿ?"

"ಸಿಕ್ತು. ಇತ್ತಂತೆ, ಸಾಲಲಿಲ್ಲ."

"ಅದನ್ನ ಬರೆದಿದೀಯಾ?"

"ಬರೆದಿದೀನಿ."

"ಸರಿ ಬಿಡು" ಎಂದು ಹಲ್ಲಿನಲ್ಲಿ ದಾರ ಕಡಿದಳು.

ಮುಂದಿನ ಸಂಕ್ರಾಂತಿಗೆ ನಮ್ಮ ಒಲೆಯ ಮೇಲೆಯೇ ಅಮ್ಮ ಅಚ್ಚು ಹುಯ್ದಳು. ಅದರ ಮುಂದಿನ ವರ್ಷಗಳಲ್ಲೂ. ನನಗೆ ಶಾಲೆಯಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕಿತು. ಸಂಜೆ ಮನೆಗೆ ಬಂದರೆ, "ಇವತ್ತು ಏನ್ಮಾಡಿದ್ರು ಅವರು?" ಎಂದು ಕೇಳುವುದನ್ನು ಅವಳು ಬಿಡಲಿಲ್ಲ. ಒಮ್ಮೆ ಹೊಯ್ಸಳರು, ಒಮ್ಮೆ ಫ್ರಾನ್ಸಿನವರು. ಎಲ್ಲರ ಮನೆಯಲ್ಲೂ ಅಡುಗೆ ಯಾರು ಮಾಡುತ್ತಿದ್ದರು ಎಂದು ಅವಳಿಗೆ ಹೇಳಬೇಕಾಗಿತ್ತು. ಅಷ್ಟು ವರ್ಷ ಅವಳು ನನಗೆ ಸಿಕ್ಕಳು. ಇಡಿಯಾಗಿ ಸಿಕ್ಕಳು. ಈಗ ಇಲ್ಲ ಎನ್ನುವುದರ ಜೊತೆ ಇದನ್ನೂ ಬರೆದಿಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಗೋಡೆಯಾಚೆ ಆಂಟಿ ಪಾತ್ರೆ ಇಳಿಸುವ ಸದ್ದಾಗುತ್ತಿದೆ. ಈಗ ಅವರಿಗೆ ಮಂಡಿನೋವು, ಬಹಳ ಹೊತ್ತು ನಿಲ್ಲಲಾರರು. ಮಣೆಗಳು ನೆನೆದಿರಬೇಕು. ಮೊನ್ನೆ ದಾರ ಕೊಡುವುದನ್ನು ಮರೆತಿದ್ದೆ. ಅಪ್ಪನ ಉಂಡೆ ಎಂದೋ ಮುಗಿಯಿತು. ಇದು ಅಮ್ಮ ಫಾಲ್ ಹಾಕುತ್ತಿದ್ದ ದಾರ, ತೆಳು. ನಾಲ್ಕೈದು ಎಳೆ ಸೇರಿಸಿ ಹೊಸೆದರೆ ಆದೀತು. ಅದನ್ನು ಹಿಡಿದುಕೊಂಡು ಹೊರಟಿದ್ದೇನೆ.